1995ರ ಮಾತಿಗೆ 2016ರ ಅರ್ಜಿ: ವಿಕಲಚೇತನ ಮಗುವಿನ ಶಾಲಾ ಹಕ್ಕನ್ನು ಕೇಳುವ ಕ್ರಮ

ವಿಕಲಚೇತನ ಮಗುವನ್ನು ಶಾಲೆಗೆ ಸೇರಿಸಲು ಹೋದ ಅಪ್ಪ ಅಮ್ಮಂದಿರ ಕಿವಿಗೆ ಬೀಳುವ ಮಾತುಗಳು ಕಾರವಾರದಲ್ಲೂ ಶಿರಸಿಯಲ್ಲೂ ಜೋಯಿಡಾದ ಒಳಹಳ್ಳಿಯಲ್ಲೂ ಹೆಚ್ಚುಕಡಿಮೆ ಒಂದೇ. "ನಮ್ಮಲ್ಲಿ ಟ್ರೇನಿಂಗ್ ಆದ ಟೀಚರ್ ಇಲ್ಲ, ವಿಶೇಷ ಶಾಲೆಗೆ ಹಾಕಿ." "ಅನುದಾನ ಬಂದಿಲ್ಲ." "ಸರ್ಟಿಫಿಕೇಟಲ್ಲಿ 40 ಪರ್ಸೆಂಟ್ ಆಗಿಲ್ವಲ್ಲ." "ಹದಿನಾಲ್ಕು ದಾಟಿತು, ಇನ್ನು ಕಡ್ಡಾಯ ಏನಿಲ್ಲ." "ಮನೇಲೇ ಇರಲಿ ಬಿಡಿ, ನಾವೇ ಬಂದು ಕಲಿಸಿ ಹೋಗ್ತೇವೆ." ಹೀಗೆ ಹೇಳುವ ಅಕ್ಕೋರು, ಮಾಸ್ತರು ಬೇಕೆಂದೇ ಸುಳ್ಳು ಹೇಳುತ್ತಾರೆ ಎಂದು ತಿಳಿಯಬೇಕಿಲ್ಲ. ಇವುಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಕಾಲದಲ್ಲಿ ನಡೆಯುತ್ತಿದ್ದ ಮಾತುಗಳೇ. ಕಾನೂನು ಮುಂದೆ ಹೋಯಿತು, ಮಾತು ಅಲ್ಲೇ ಉಳಿಯಿತು. ಎದುರಿಗೆ ಕೂತವರು ಯಾವ ವರ್ಷದ ಮಾತಾಡುತ್ತಿದ್ದಾರೆ ಎಂದು ಗುರುತು ಹಿಡಿದರೆ ಅರ್ಜಿಯಲ್ಲಿ ಯಾವ ಕಲಂ ಬರೆಯಬೇಕು ಎಂಬುದು ಗೊತ್ತಾಗುತ್ತದೆ. ಇಲ್ಲಿ ಇತಿಹಾಸ ಬರುವುದು ಅಷ್ಟಕ್ಕೇ.

ಯಾವ ಮಾತು ಯಾವ ಕಾಲದ್ದು

"ವಿಶೇಷ ಶಾಲೆಗೆ ಹಾಕಿ" ಎಂಬುದು ಎಲ್ಲಕ್ಕಿಂತ ಹಳೆಯದು. 1880ರ ದಶಕದಲ್ಲಿ ಮುಂಬೈಯಲ್ಲಿ ಕಿವುಡ ಮಕ್ಕಳ ಶಾಲೆ, 1887ರಲ್ಲಿ ಅಮೃತಸರದಲ್ಲಿ ಅಂಧ ಮಕ್ಕಳ ಶಾಲೆ, ಆಮೇಲೆ ಮೈಸೂರಿನಲ್ಲಿ ಕಿವುಡರ ಮತ್ತು ಅಂಧರ ಶಾಲೆ ಶುರುವಾದವು. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೂ ಮುಂಬೈ ಆಡಳಿತಕ್ಕೇ ಸೇರಿತ್ತು. ಆದರೂ ಕಾರವಾರದ ಕಿವುಡ ಮಗುವಿಗೆ ಮುಂಬೈಯ ಶಾಲೆ ಸಿಕ್ಕಿತು ಎಂದರೆ ಅದು ದಾನಿಗಳ ದಯೆ. ವಿಕಲಚೇತನ ಮಕ್ಕಳನ್ನು ಆದಷ್ಟೂ ಸಾಮಾನ್ಯ ಶಾಲೆಯಲ್ಲೇ ಓದಿಸಬೇಕು ಎಂದು ಮೊದಲು ಗಟ್ಟಿಯಾಗಿ ಹೇಳಿದ್ದು 1964-66ರ ಕೊಠಾರಿ ಆಯೋಗ.

"ಅನುದಾನ ಬಂದಿಲ್ಲ" ಎಂಬುದು 1974ರ ಮಾತು. ಆ ವರ್ಷ ಕೇಂದ್ರ ಸರ್ಕಾರ ವಿಕಲಚೇತನ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆ ತಂದಿತು, 1982ರಲ್ಲಿ ಅದು ಸಮಾಜ ಕಲ್ಯಾಣದಿಂದ ಶಿಕ್ಷಣ ಇಲಾಖೆಗೆ ಬಂತು. ಯೋಜನೆ ಎಂದ ಮೇಲೆ ದುಡ್ಡು ಬಂದರೆ ಉಂಟು, ಬಾರದಿದ್ದರೆ ಇಲ್ಲ. 2001ರ ಸರ್ವ ಶಿಕ್ಷಾ ಅಭಿಯಾನ, 2018ರ ಸಮಗ್ರ ಶಿಕ್ಷಾ ಕೂಡ ಯೋಜನೆಗಳೇ. ಸಮಗ್ರ ಶಿಕ್ಷಾದಲ್ಲಿ ವಿಶೇಷ ಅಗತ್ಯದ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕ, ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200ರಂತೆ 10 ತಿಂಗಳ ಸ್ಟೈಪೆಂಡ್. ಈ ಹಣ ತಡವಾಗಬಹುದು, ಆಗುತ್ತದೆ ಕೂಡ. ಆದರೆ ಮಗುವನ್ನು ಸೇರಿಸಿಕೊಳ್ಳುವ, ಮುಂದಿನ ಬೆಂಚಿನಲ್ಲಿ ಕೂರಿಸುವ, ಪರೀಕ್ಷೆಗೆ ಹೆಚ್ಚು ಸಮಯ ಕೊಡುವ ಕರ್ತವ್ಯ ಈಗ ಕಾನೂನಿನಲ್ಲಿದೆ. ಅನುದಾನದ ದಾರಿ ಕಾಯುವ ಕೆಲಸಗಳಲ್ಲ ಅವು.

ಅಮೆರಿಕದಲ್ಲಿ ಈ ಹಕ್ಕು ಕೋರ್ಟಿನ ದಾರಿಯಿಂದ ಬಂತು. ಪೆನ್ಸಿಲ್ವೇನಿಯಾದ ಮತ್ತು ವಾಷಿಂಗ್ಟನ್ ನಗರದ ಪೋಷಕರು 1972ರ ಹೊತ್ತಿಗೆ ಗೆದ್ದ ಎರಡು ಮೊಕದ್ದಮೆಗಳ ಬೆನ್ನಿಗೆ 1975ರಲ್ಲಿ ಅಲ್ಲಿನ ಕಾಯ್ದೆ ಆಯಿತು. ನಮ್ಮ ಬಿಆರ್‌ಸಿಗಳಲ್ಲಿ (ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಇವತ್ತು ತುಂಬುವ ಐಇಪಿ, ಅಂದರೆ ಮಗುವಿಗೊಂದು ಪ್ರತ್ಯೇಕ ಕಲಿಕಾ ಯೋಜನೆ, ಆ ಕಾಯ್ದೆಯ ಕೊಡುಗೆ. ಅಲ್ಲಿ ಅದಕ್ಕೆ ಪೋಷಕರ ಎದುರಿನ ಸಭೆ ಕಡ್ಡಾಯ. ಇಲ್ಲಿಗೆ ಬರುವಾಗ ಫಾರ್ಮ್ ಬಂತು, ಸಭೆ ದಾರಿಯಲ್ಲೇ ಉಳಿಯಿತು.

"40 ಪರ್ಸೆಂಟ್ ಆಗಿಲ್ಲ", "ಈ ತೊಂದರೆ ಲಿಸ್ಟ್‌ನಲ್ಲೇ ಇಲ್ಲ" ಎಂಬುವು 1995ರ ವಿಕಲಚೇತನರ ಕಾಯ್ದೆಯ ಮಾತುಗಳು. 1996ರ ಫೆಬ್ರವರಿ 7ರಿಂದ ಜಾರಿಯಾದ ಆ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆಯ ವೈಕಲ್ಯ. ಆಟಿಸಂ ಇರಲಿಲ್ಲ, ಓದು ಬರಹದ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇರಲಿಲ್ಲ. ವಿಕಲಚೇತನ ಎಂದು ಎಣಿಸಿಕೊಳ್ಳಬೇಕಾದರೇ ಶೇ 40 ಬೇಕಿತ್ತು. ಇದು ಇಪ್ಪತ್ತೊಂದು ವರ್ಷ ನಡೆದದ್ದರಿಂದ ಕಚೇರಿಗಳ ಬಾಯಿಗೆ ಚೆನ್ನಾಗಿ ಅಂಟಿಕೊಂಡಿದೆ.

"ಹದಿನಾಲ್ಕು ದಾಟಿತು" ಎಂಬುದು 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅರ್ಧ ಓದು. 6ರಿಂದ 14 ಎಂಬುದು ಉಳಿದ ಮಕ್ಕಳ ಲೆಕ್ಕ. 1995ರ ಕಾಯ್ದೆಯೇ ವಿಕಲಚೇತನ ಮಗುವಿಗೆ 18ರವರೆಗೆ ಎಂದಿತ್ತು, ಈಗಿನ 2016ರ ಕಾಯ್ದೆಯ ಕಲಂ 31ರಲ್ಲೂ 6ರಿಂದ 18. "ಮನೇಲೇ ಇರಲಿ" ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯನ್ನು ತಲೆಕೆಳಗಾಗಿ ಹಿಡಿದದ್ದು. ತೀವ್ರ ವೈಕಲ್ಯ ಅಥವಾ ಬಹುವೈಕಲ್ಯ ಇರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು ಎಂದು ಅಲ್ಲಿದೆ. ಆರಿಸುವವರು ಮನೆಯವರು. ಶಾಲೆಗೆ ಆ ಅಧಿಕಾರ ಇಲ್ಲ.

ಇವೆಲ್ಲದರ ಮೇಲೆ ಈಗ ಇರುವುದು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016. ಭಾರತ 2007ರ ಅಕ್ಟೋಬರ್ 1ರಂದು ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಗೆ ತಕ್ಕಂತೆ ಬಂದ ಈ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಏಳು ಬಗೆ ಇದ್ದದ್ದು 21 ಆಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಶೇ 40ರದ್ದು, ಅದು ಮುಂದಿದೆ.

ಶೇ 40 ಎಲ್ಲಿ ಬೇಕು, ಎಲ್ಲಿ ಬೇಡ

ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಕಲಂ 16 ಎಲ್ಲ ವಿಕಲಚೇತನ ಮಕ್ಕಳಿಗೂ ಅನ್ವಯ, ಅಲ್ಲಿ ಶೇಕಡಾವಾರಿನ ಮಾತೇ ಇಲ್ಲ. ಭೇದ ಮಾಡದೆ ಸೇರಿಸಿಕೊಳ್ಳುವುದು, ಕಟ್ಟಡ ಮತ್ತು ಶೌಚಾಲಯ ಬಳಸಲು ಬರುವಂತೆ ಇಡುವುದು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ, ಪ್ರತ್ಯೇಕ ನೆರವು, ಕುರುಡು ಕಿವುಡು ಮಕ್ಕಳಿಗೆ ಒಪ್ಪುವ ಭಾಷೆ ಮತ್ತು ವಿಧಾನ, ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸುವುದು, ಪ್ರಗತಿಯ ಮೇಲೆ ಕಣ್ಣಿಡುವುದು, ಸಾರಿಗೆ: ಇಷ್ಟೂ ಅದರಲ್ಲಿದೆ. ಸರ್ಕಾರದ ಹಣ ಪಡೆಯುವ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಗೂ ಇದು ಅನ್ವಯ. ಅನುದಾನ ರಹಿತ ಇಂಗ್ಲಿಷ್ ಮಾಧ್ಯಮ ಶಾಲೆ "ನಾವು ಪ್ರೈವೇಟ್" ಎಂದರೆ ಮಾನ್ಯತೆ ಯಾರು ಕೊಟ್ಟದ್ದು ಎಂದು ಕೇಳಿ. ಕಲಂ 17ರಲ್ಲಿ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ, ಪರೀಕ್ಷೆಯ ಹೆಚ್ಚುವರಿ ಸಮಯ, ಹೇಳಿದ್ದನ್ನು ಬರೆದುಕೊಡುವ ಬರಹಗಾರ, ಎರಡನೇ ಮೂರನೇ ಭಾಷೆಯ ವಿನಾಯಿತಿ ಬರುತ್ತವೆ. ಉಚಿತ ಪುಸ್ತಕ ಸಾಧನಗಳಿಗೂ ವಿದ್ಯಾರ್ಥಿವೇತನಕ್ಕೂ ಶೇ 40 ಬೇಕು.

ಕಲಂ 31ರ ಉಚಿತ ಶಿಕ್ಷಣ (ನೆರೆಯ ಶಾಲೆ ಅಥವಾ ತಾವು ಆರಿಸಿದ ವಿಶೇಷ ಶಾಲೆ) ಮತ್ತು ಕಲಂ 32ರ ಉನ್ನತ ಶಿಕ್ಷಣದ ಶೇ 5 ಮೀಸಲಾತಿ ಶೇ 40 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಮಾತ್ರ.

ಒಂದು ಉದಾಹರಣೆ. ಕುಮಟೆಯ ಒಂದು ಮಗುವಿಗೆ ಎರಡೂ ಕಿವಿಯಲ್ಲಿ 45 ಡೆಸಿಬಲ್ ನಷ್ಟ ಇದೆ ಎಂದುಕೊಳ್ಳಿ. ಕಾಯ್ದೆಯ ಪಟ್ಟಿಯಲ್ಲಿ ಮಂದ ಶ್ರವಣ ಎನಿಸಿಕೊಳ್ಳಲು 60, ಕಿವುಡು ಎನಿಸಿಕೊಳ್ಳಲು 70 ಡೆಸಿಬಲ್ ಬೇಕು. ಆದ್ದರಿಂದ ಸರ್ಟಿಫಿಕೇಟ್ ಕೊಡುವ ವೈದ್ಯಕೀಯ ಮಂಡಳಿ ಶೇ 40 ಬರೆಯುವುದಿಲ್ಲ. ಆದರೆ ಮಾಸ್ತರು ಬೋರ್ಡಿನ ಕಡೆ ತಿರುಗಿ ಹೇಳಿದ ಉಕ್ತಲೇಖನ ಆ ಮಗುವಿಗೆ ಕೇಳುವುದಿಲ್ಲ. ಮುಖ ತೋರಿಸಿ ಮಾತಾಡಬೇಕು, ಎರಡನೇ ಬೆಂಚಿನೊಳಗೆ ಕೂರಿಸಬೇಕು ಎಂದು ಕಲಂ 16ರಡಿ ಕೇಳಬಹುದು. ಶೇ 40 ಇಲ್ಲದವರಿಗೂ ಹೊಂದಾಣಿಕೆಯ ಹಕ್ಕಿದೆ ಎಂಬುದನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರ ವಿಕಾಸ್ ಕುಮಾರ್ ತೀರ್ಪಿನಲ್ಲಿ ಸ್ಪಷ್ಟ ಮಾಡಿತು. ಕೈ ಸೆಡೆತದಿಂದ ಬರೆಯಲಾಗದ ಅಭ್ಯರ್ಥಿಗೆ ಬರಹಗಾರ ಬೇಕೆಂಬ ಪ್ರಕರಣ ಅದು. ಅರ್ಜಿಯಲ್ಲಿ ಈ ತೀರ್ಪಿನ ಹೆಸರು ಒಂದು ಸಾಲಿನಲ್ಲಿ ಬಂದರೆ ಸಾಕು.

ಮೊದಲ ಅರ್ಜಿ: ಸರ್ಟಿಫಿಕೇಟಿಗೆ ಕಾಯದೆ

ಹೆಚ್ಚಿನವರು ಮೊದಲು ಸರ್ಟಿಫಿಕೇಟ್ ಮಾಡಿಸಿ ಆಮೇಲೆ ಶಾಲೆಗೆ ಹೋಗುತ್ತಾರೆ. ಅಷ್ಟರಲ್ಲಿ ಜೂನ್ ಕಳೆದಿರುತ್ತದೆ. ಸೇರಿಸಿಕೊಳ್ಳಲು ವೈಕಲ್ಯದ ಸರ್ಟಿಫಿಕೇಟ್ ಬೇಡ, ವಯಸ್ಸಿನ ದಾಖಲೆ ಇಲ್ಲ ಎಂದೂ ನಿರಾಕರಿಸುವಂತಿಲ್ಲ (ಶಿಕ್ಷಣ ಹಕ್ಕು ಕಾಯ್ದೆ, ಕಲಂ 14). ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆಯ್ಕೆ ಮಾಡಿದರೆ ಕಲಂ 13ರ ಪ್ರಕಾರ ಮೊದಲ ಸಲ 25,000 ರೂಪಾಯಿವರೆಗೆ ದಂಡ.

ಅರ್ಜಿ ಒಂದು ಪುಟ ಮೀರಬಾರದು. ಬರೆಯುವ ಕ್ರಮ ಹೀಗೆ:

ಇವರಿಗೆ: ಮುಖ್ಯಾಧ್ಯಾಪಕರು, (ಶಾಲೆ, ಊರು, ತಾಲೂಕು).
ವಿಷಯ: ನನ್ನ ಮಗಳ ದಾಖಲಾತಿ ಮತ್ತು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಕಲಂ 16ರಂತೆ ಹೊಂದಾಣಿಕೆ ಕೋರಿ.
ಮಾನ್ಯರೇ, ನನ್ನ ಮಗಳು (ಹೆಸರು, ಜನ್ಮ ದಿನಾಂಕ) 1ನೇ ತರಗತಿಗೆ ಸೇರಬೇಕಿದೆ. ಸೆರೆಬ್ರಲ್ ಪಾಲ್ಸಿಯಿಂದ ಅವಳಿಗೆ ನಡೆಯಲು ಆಸರೆ ಬೇಕು, ಪೆನ್ಸಿಲ್ ಹಿಡಿತ ಬಿಗಿಯಿಲ್ಲ. ಅವಳಿಗೆ ಬೇಕಾದ್ದು: (1) ಮೆಟ್ಟಿಲಿಲ್ಲದ ಕೋಣೆಯಲ್ಲಿ ತರಗತಿ, (2) ಪಾದ ನೆಲಕ್ಕೆ ತಾಗುವ ಎತ್ತರದ ಕುರ್ಚಿ, (3) ಬರಹದ ಬದಲು ಬಾಯಿಮಾತಿನ ಉತ್ತರಕ್ಕೆ ಅವಕಾಶ, (4) ತಾಲೂಕಿನ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿ ಅವರಿಂದ ಒಂದು ತಿಂಗಳೊಳಗೆ ಮೌಲ್ಯಾಂಕನ. ಇವುಗಳಲ್ಲಿ ಯಾವುದನ್ನಾದರೂ ಒದಗಿಸಲಾಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಕೊನೆಯ ವಾಕ್ಯವನ್ನು ಬಿಡಬೇಡಿ. ಬಾಯಲ್ಲಿ "ಆಗೋದಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಅದನ್ನೇ ಬರೆದು ಸಹಿ ಹಾಕಲು ಹಿಂದೇಟು ಹಾಕುತ್ತಾರೆ, ಮಾತು ಅಲ್ಲಿಂದ ತಿರುಗುತ್ತದೆ. "ಸೂಕ್ತ ಸೌಲಭ್ಯ ಒದಗಿಸಿ" ಎಂದಷ್ಟೇ ಬರೆದರೆ "ಒದಗಿಸಲಾಗುತ್ತಿದೆ" ಎಂದಷ್ಟೇ ಉತ್ತರ ಬರುತ್ತದೆ. ಎಣಿಸಲು, ನೋಡಲು ಬರುವ ಬೇಡಿಕೆಗಳನ್ನೇ ಬರೆಯಿರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಸೀಲು, ದಿನಾಂಕ, ಸಹಿ ಪಡೆಯಿರಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಪ್ರತಿಗೆ ಅಂಟಿಸಿ ಇಡಿ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಒಂದು ಪ್ರತಿ ಕೊಡುವುದು ಒಳ್ಳೆಯದು, ರ‍್ಯಾಂಪಿನ ಕೆಲಸಕ್ಕೆ ಮುಂದೆ ಅವರೇ ಬೇಕಾಗುತ್ತಾರೆ.

ಸೇರಿಸಿಕೊಂಡ ಮೇಲೆ ಶಾಲೆಯ ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್ಲೈನ್ ವಿದ್ಯಾರ್ಥಿ ಪಟ್ಟಿ) ದಾಖಲೆಯಲ್ಲಿ ಮಗುವಿನ ಹೆಸರಿನ ಮುಂದೆ ವಿಶೇಷ ಅಗತ್ಯದ ಮಗು ಎಂದು, ಯಾವ ಬಗೆ ಎಂದು ನಮೂದಾಗಿದೆಯೇ ಕೇಳಿ ನೋಡಿ. ಭತ್ಯೆ, ಸಾಧನ, ಪರೀಕ್ಷಾ ರಿಯಾಯಿತಿ ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ. ಹಣ ಮಗುವಿನ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಬರುವುದರಿಂದ ಖಾತೆಯನ್ನೂ ಆಗಲೇ ಮಾಡಿಸಿ.

ಯುಡಿಐಡಿ ಕಾರ್ಡ್

ವೈಕಲ್ಯದ ಸರ್ಟಿಫಿಕೇಟಿಗೂ ವಿಕಲಚೇತನರ ಈ ಗುರುತಿನ ಚೀಟಿಗೂ ಅರ್ಜಿ ಒಂದೇ, ಕೇಂದ್ರ ಸರ್ಕಾರದ ಸ್ವಾವಲಂಬನ ಪೋರ್ಟಲ್‌ನಲ್ಲಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು), ತಾಲೂಕು ಮಟ್ಟದ ಎಂಆರ್‌ಡಬ್ಲ್ಯು ಇದನ್ನು ತುಂಬಿ ಕೊಡುತ್ತಾರೆ, ಅದು ಅವರ ಕೆಲಸವೇ. ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ಆಧಾರ್, ವಿಳಾಸದ ದಾಖಲೆ, ಇದ್ದರೆ ಹಳೆಯ ವೈದ್ಯಕೀಯ ಕಾಗದಗಳು ಬೇಕು. ಕೊನೆಯಲ್ಲಿ ಆಸ್ಪತ್ರೆ ಆರಿಸಲು ಕೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಎಡವುವುದು ಇಲ್ಲೇ.

ಶಿರಸಿಯಿಂದ ಕಾರವಾರಕ್ಕೆ ದೇವಿಮನೆ ಘಟ್ಟ ಇಳಿದು 120 ಕಿ.ಮೀ. ಆಸುಪಾಸು. ಮಗುವನ್ನು ಕರೆದುಕೊಂಡು ಅಷ್ಟು ದೂರ ಹೋದ ಮೇಲೆ "ಇವತ್ತು ಮನೋವೈದ್ಯರು ಇಲ್ಲ" ಎಂದರೆ ಒಂದು ದಿನ, ಎರಡು ಜನರ ಕೂಲಿ ಹೋಯಿತು. ಆರಿಸುವ ಮೊದಲು ಆ ಆಸ್ಪತ್ರೆಯಲ್ಲಿ ನಿಮಗೆ ಬೇಕಾದ ತಜ್ಞರು (ಕಿವಿಗೆ ಇಎನ್‌ಟಿ, ಕಣ್ಣಿಗೆ ನೇತ್ರತಜ್ಞ, ಕೈಕಾಲಿಗೆ ಮೂಳೆತಜ್ಞ, ಬುದ್ಧಿಮತ್ತೆ ಮತ್ತು ಆಟಿಸಂಗೆ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು) ಇದ್ದಾರೆಯೇ, ಯಾವ ವಾರ ಮಂಡಳಿ ಕೂಡುತ್ತದೆ ಎಂದು ಫೋನಿನಲ್ಲೇ ಕೇಳಿ. ಮುಂಡಗೋಡ, ಹಳಿಯಾಳದವರು ಹುಬ್ಬಳ್ಳಿ ಅಥವಾ ಧಾರವಾಡದ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರೆ ಅಲ್ಲಿಯೂ ಅರ್ಜಿ ಹಾಕಬಹುದೇ ವಿಚಾರಿಸಿ; ವಾಸದ ಜಿಲ್ಲೆಯ ಆಸ್ಪತ್ರೆ ಅಥವಾ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆ ಎಂದು 2017ರ ನಿಯಮದಲ್ಲಿ ಎರಡಕ್ಕೂ ಅವಕಾಶ ಇಟ್ಟಿದ್ದಾರೆ. ಜೂನ್ ಜುಲೈಯಲ್ಲಿ ದಿನಾಂಕ ಸಿಕ್ಕರೆ ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ಸಂಜೆ ಕೇಳಿಕೊಂಡು ಹೊರಡಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕರಾವಳಿಯ ಹೆದ್ದಾರಿಯೇ ಬಂದ್ ಆಗಿತ್ತು. ಏಪ್ರಿಲ್ ಮೇ ತಿಂಗಳಲ್ಲೇ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಹೆಸರಿನ ಕಾಗುಣಿತ ಇನ್ನೊಂದು ಕಾಟ. ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ, ಶಾಲೆಯಲ್ಲಿ ತಂದೆಯ ಹೆಸರು ನಡುವೆ, ಜನನ ಪ್ರಮಾಣಪತ್ರದಲ್ಲಿ ಬರಿ ಮಗುವಿನ ಹೆಸರು ಎಂದಾದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ರಿಯಾಯಿತಿ ಅರ್ಜಿ ವಾಪಸು ಬರುತ್ತದೆ. ಮೂರನ್ನೂ ಮೊದಲೇ ಒಂದೇ ಮಾಡಿ.

2024ರ ಅಕ್ಟೋಬರ್ ತಿದ್ದುಪಡಿಯ ನಂತರ ಕಾರ್ಡಿಗೆ ಮೂರು ಬಣ್ಣ: ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಬಿಳಿ ಕಾರ್ಡ್ ಬಂತೆಂದು ಮೂಲೆಗೆ ಹಾಕಬೇಡಿ. ಪಿಂಚಣಿಗೆ, ವಿದ್ಯಾರ್ಥಿವೇತನಕ್ಕೆ ಅದು ನಡೆಯದು, ಆದರೆ ಕಲಂ 16ರ ಅರ್ಜಿಗೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಶೇಕಡಾವಾರು ತಪ್ಪಾಗಿದೆ ಎನಿಸಿದರೆ ಕಲಂ 59ರಡಿ ಮೇಲ್ಮನವಿ ಇದೆ.

ಕಲಿಕಾ ನ್ಯೂನತೆಯ ಸರ್ಟಿಫಿಕೇಟಿನ ದಾರಿ ಬೇರೆ. 2018ರ ಮಾರ್ಗಸೂಚಿಯಂತೆ 8 ವರ್ಷ ತುಂಬುವ ಮೊದಲು ಅದನ್ನು ಕೊಡುವುದಿಲ್ಲ. 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ. 14ರ ಪರೀಕ್ಷೆ ಮರೆತವರು 10ನೇ ತರಗತಿಯಲ್ಲಿ ಪೇಚಿಗೆ ಸಿಗುತ್ತಾರೆ. ಮೊದಲು ಬುದ್ಧಿಮತ್ತೆಯ ಪರೀಕ್ಷೆ, ಆಮೇಲೆ ನಿಮ್ಹಾನ್ಸ್ ರೂಪಿಸಿದ ಓದು-ಬರಹ-ಲೆಕ್ಕದ ಪರೀಕ್ಷಾ ಸರಣಿ. ಇಲ್ಲಿ ಜಿಲ್ಲೆಯದೇ ಆದ ಒಂದು ತೊಡಕಿದೆ. ಕಾರವಾರದ ಮಗುವಿನ ಮನೆಮಾತು ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಯಲ್ಲಾಪುರ ಜೋಯಿಡಾ ಕಡೆ ಗೌಳಿ ಮಕ್ಕಳದ್ದು ಮರಾಠಿ ಬಗೆಯ ಮಾತು, ಸಿದ್ದಿ ಮಕ್ಕಳದ್ದು ಕೊಂಕಣಿ ಬೆರೆತದ್ದು. ಕನ್ನಡವನ್ನು ಶಾಲೆಯಲ್ಲೇ ಮೊದಲು ಕೇಳಿದ ಮಗು ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದರೆ ಅದು ನ್ಯೂನತೆಯೇ ಆಗಬೇಕಿಲ್ಲ. ತಿರುಗಿಸಿ ಹೇಳುವುದಾದರೆ, ನಿಜವಾದ ನ್ಯೂನತೆಯನ್ನು "ಅವರ ಮನೇಲಿ ಕನ್ನಡ ಇಲ್ವಲ್ಲ" ಎಂದು ತಳ್ಳಿಹಾಕುವುದೂ ಅಷ್ಟೇ ನಡೆಯುತ್ತದೆ. ಮನೆಮಾತು ಯಾವುದು, ಕನ್ನಡ ಎಷ್ಟು ವರ್ಷದಿಂದ ಎಂಬುದನ್ನು ಪರೀಕ್ಷೆಗೆ ಮೊದಲೇ ಬರೆದು ಕೊಡಿ, ವರದಿಯಲ್ಲಿ ಅದು ದಾಖಲಾಗಲಿ ಎಂದು ಕೇಳಿ. ಮನೆಮಾತಿನಲ್ಲೇ ಕಥೆ ಹೇಳಿಸಿದಾಗಲೂ ಶಬ್ದಗಳನ್ನು ಬಿಡಿಸಿ ಹೇಳಲು, ಪ್ರಾಸ ಹಿಡಿಯಲು ಮಗು ತಡವರಿಸುತ್ತಿದ್ದರೆ ಆ ಅಂಶವನ್ನು ತಪ್ಪದೆ ತಿಳಿಸಿ.

ಐಇಪಿ: ಒಂದು ಹಾಳೆ, ಮೂರು ಗುರಿ

ತಾಲೂಕಿನ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಕೇಂದ್ರ ಸರ್ಕಾರ 2022ರಲ್ಲಿ ನಿಗದಿ ಮಾಡಿದ ಅನುಪಾತ 1ರಿಂದ 5ನೇ ತರಗತಿಗೆ 10 ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, 6ರಿಂದ 8ಕ್ಕೆ 15 ಮಕ್ಕಳಿಗೆ ಒಬ್ಬ. 2021ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಕೊಟ್ಟ ತೀರ್ಪಿನ ಫಲ ಅದು. ಹುದ್ದೆಗಳನ್ನು ಸೃಷ್ಟಿಸಿ ಎಂದು 2025ರ ಮಾರ್ಚ್‌ನಲ್ಲಿ ಕೋರ್ಟ್ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಅಂದರೆ ನಿಮ್ಮ ಶಾಲೆಗೆ ಬಿಐಇಆರ್‌ಟಿ ದಿನಾ ಬರುವುದಿಲ್ಲ. ಐಇಪಿಯಲ್ಲಿ ಎಲ್ಲ ಕೆಲಸವನ್ನೂ ಅವರ ಹೆಸರಿಗೆ ಬರೆದರೆ ಯಾವ ಕೆಲಸವೂ ಆಗುವುದಿಲ್ಲ. ಕ್ಲಾಸಿನ ಅಕ್ಕೋರು ದಿನಕ್ಕೆ ಹತ್ತು ನಿಮಿಷದಲ್ಲಿ ಮಾಡಬಹುದಾದದ್ದು ಒಂದು, ಮನೆಯವರು ಮಾಡುವುದು ಒಂದು, ಬಿಐಇಆರ್‌ಟಿ ಬಂದಾಗ ನೋಡಿ ತಿದ್ದುವುದು ಒಂದು ಎಂದು ಹಂಚಿ.

ಗುರಿ ಬರೆಯುವ ರೀತಿಯಲ್ಲೇ ಎಲ್ಲ ಇದೆ. "ಕನ್ನಡ ಓದು ಸುಧಾರಿಸುವುದು" ಗುರಿಯಲ್ಲ. "ನವೆಂಬರ್ ಕೊನೆಗೆ ಒತ್ತಕ್ಷರವಿಲ್ಲದ 20 ಪದಗಳಲ್ಲಿ 16ನ್ನು ಚಿತ್ರದ ನೆರವಿಲ್ಲದೆ ಓದುವುದು" ಎಂದರೆ ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಅವಧಿಗೆ ಮೂರು ಗುರಿ ಸಾಕು. ಹನ್ನೆರಡು ಬರೆದ ಐಇಪಿ ಬೀರು ಸೇರುತ್ತದೆ. ಸರ್ಕಾರಿ ಶಾಲೆಯ 1ರಿಂದ 3ರವರೆಗಿನ ನಲಿಕಲಿ ಇದಕ್ಕೆ ಹೇಳಿ ಮಾಡಿಸಿದಂತಿದೆ: ಪ್ರತಿ ಮಗುವೂ ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬ ಲೆಕ್ಕ ಅಲ್ಲಿ ಹೇಗೂ ಇರುತ್ತದೆ, ಅದನ್ನೇ ಈಗಿನ ಮಟ್ಟ ಎಂದು ಬರೆದುಕೊಳ್ಳಬಹುದು. ಕಷ್ಟ ಶುರುವಾಗುವುದು ನಾಲ್ಕನೇ ತರಗತಿಯಲ್ಲಿ, ಕಾರ್ಡು ಹೋಗಿ ಪಠ್ಯಪುಸ್ತಕ ಬಂದಾಗ. ಆದ್ದರಿಂದ ಮೂರನೇ ತರಗತಿಯ ಫೆಬ್ರವರಿಯಲ್ಲೇ ಮುಂದಿನ ವರ್ಷದ ಐಇಪಿ ಮಾಡಿ, ನಾಲ್ಕನೇ ತರಗತಿಯ ಶಿಕ್ಷಕರನ್ನೂ ಕೂರಿಸಿಕೊಳ್ಳಿ. ಹಾಳೆಯ ಕೆಳಗೆ ಪರಿಶೀಲನೆಯ ದಿನಾಂಕ ಮತ್ತು ನಿಮ್ಮ ಸಹಿ ಇರಲಿ. ನಿಮ್ಮನ್ನು ಕರೆಯದೆ ತುಂಬಿದ ಹಾಳೆಗೆ ಸಹಿ ಹಾಕಬೇಡಿ.

ಗೃಹಾಧಾರಿತ ಶಿಕ್ಷಣ ಆರಿಸಿಕೊಂಡವರು ಭೇಟಿಯ ದಿನ, ಸಮಯ, ಮಾಡಿದ ಕೆಲಸವನ್ನು ಮನೆಯಲ್ಲೇ ಒಂದು ಪುಸ್ತಕದಲ್ಲಿ ಬರೆಸಿ ಸಹಿ ಪಡೆಯಿರಿ. ಮಗುವಿನ ಹೆಸರು ಶಾಲೆಯ ಹಾಜರಿಯಲ್ಲಿ ಇರಲೇಬೇಕು. ಶಾಲಾ ಸಿದ್ಧತಾ ಕೇಂದ್ರ ನಿಮ್ಮ ತಾಲೂಕಿನಲ್ಲಿದ್ದರೆ ವಾರಕ್ಕೆ ಕೆಲವು ದಿನ ಅಲ್ಲಿಗೆ ಕರೆದೊಯ್ಯುವುದೂ ಒಂದು ದಾರಿ.

ಕಟ್ಟಡ ಮತ್ತು ಮಳೆ

ನಮ್ಮ ಕಡೆಯ ಚಿರೆಕಲ್ಲಿನ ಶಾಲೆಗಳಿಗೆ ಮಳೆನೀರು ನುಗ್ಗಬಾರದೆಂದು ಅಡಿಪಾಯ ಎತ್ತರ. ರ‍್ಯಾಂಪಿನ ಇಳಿಜಾರು 1ಕ್ಕೆ 12 ಇರಬೇಕು. 15 ಸೆಂ.ಮೀ.ನ ಮೂರು ಮೆಟ್ಟಿಲೆಂದರೆ 45 ಸೆಂ.ಮೀ., ಅದಕ್ಕೆ 5.4 ಮೀಟರ್ ಉದ್ದ ಬೇಕು, 75 ಸೆಂ.ಮೀ. ಎತ್ತರಕ್ಕೆ 9 ಮೀಟರ್. ಅಂಗಳದಲ್ಲಿ ಜಾಗ ಸಾಲದೆ ಇದರ ಅರ್ಧಕ್ಕೇ ಮುಗಿಸಿದ ರ‍್ಯಾಂಪ್ ಫೋಟೊಗೆ ಮಾತ್ರ ಚೆಂದ, ಗಾಲಿಕುರ್ಚಿ ಹಿಮ್ಮುಖ ಜಾರುತ್ತದೆ. ನೇರ ಜಾಗ ಇಲ್ಲದಿದ್ದರೆ ನಡುವೆ 1.5 ಮೀಟರ್ ಸಮತಟ್ಟು ಬಿಟ್ಟು ತಿರುಗಿಸಿ. ಅಗಲ ಕನಿಷ್ಠ 1.2 ಮೀಟರ್, ಎರಡೂ ಕಡೆ ಕೈಹಿಡಿ, ಒಂದು 76 ಸೆಂ.ಮೀ. ಎತ್ತರಕ್ಕೆ, ಇನ್ನೊಂದು 90ಕ್ಕೆ. ನುಣುಪು ಸಿಮೆಂಟ್, ಟೈಲ್ಸ್ ಬೇಡವೇ ಬೇಡ: ಜುಲೈ ಹೊತ್ತಿಗೆ ಪಾಚಿ ಕಟ್ಟಿ, ನಡೆಯಬಲ್ಲ ಮಕ್ಕಳೂ ಬೀಳುತ್ತಾರೆ. ಒದ್ದೆ ಸಿಮೆಂಟಿನ ಮೇಲೆ ಹಿಡಿಕಸಬರಿಗೆಯಲ್ಲಿ ಅಡ್ಡಗೆರೆ ಎಳೆಯಿಸಿ. ಸೂರಿನ ನೀರು ರ‍್ಯಾಂಪಿನ ಮೇಲೆಯೇ ಸುರಿಯದಂತೆ ದೋಣಿ ಹಾಕಿಸಿ. ಶೌಚಾಲಯದ ಬಾಗಿಲು 90 ಸೆಂ.ಮೀ., ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಾದರೆ ಬಿದ್ದ ಮಗುವೇ ಅದಕ್ಕೆ ಅಡ್ಡವಾಗುತ್ತದೆ.

ತಗಡಿನ ಸೂರಿನ ಕೋಣೆಯಲ್ಲಿ ಮಳೆ ಬಡಿಯುವಾಗ ಶ್ರವಣ ಸಾಧನ ಆ ಸದ್ದನ್ನೇ ದೊಡ್ಡದು ಮಾಡಿ ಕೇಳಿಸುತ್ತದೆ. ಶ್ರವಣ ದೋಷದ ಮಗುವಿನ ತರಗತಿಯನ್ನು ಹಂಚಿನ ಅಥವಾ ಆರ್‌ಸಿಸಿ ಕೋಣೆಗೆ ಬದಲಿಸಿ ಎಂದು ಕೇಳುವುದು ಕಲಂ 16ರೊಳಗೇ ಬರುತ್ತದೆ, ಖರ್ಚೂ ಇಲ್ಲ. ಸಾಧನ ಕೆಡುವುದು ತೇವದಿಂದ. ರಾತ್ರಿ ಬ್ಯಾಟರಿ ತೆಗೆದು ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಇಡಿ, ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಗಾಲಿಕುರ್ಚಿ, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ), ಶ್ರವಣ ಸಾಧನ ಸಿಗುವುದು ಬಿಆರ್‌ಸಿಯ ತಪಾಸಣಾ ಶಿಬಿರದಲ್ಲಿ ಅಳತೆ ಕೊಟ್ಟ ಮೇಲೆ. ಅಳತೆಗೂ ವಿತರಣೆಗೂ ನಡುವೆ ತಿಂಗಳುಗಳೇ ಹೋದರೆ ಕ್ಯಾಲಿಪರ್ ಗಿಡ್ಡವಾಗಿರುತ್ತದೆ. ವಿತರಣೆಯ ದಿನವೇ ಹಾಕಿ ನೋಡಿ, ಆಗದಿದ್ದರೆ ರಿಜಿಸ್ಟರ್‌ನಲ್ಲಿ ಸಹಿಯ ಪಕ್ಕ ಹಾಗೆಂದೇ ಬರೆಯಿರಿ.

ಎಸ್ಸೆಸ್ಸೆಲ್ಸಿ

ರಿಯಾಯಿತಿಯ ಅರ್ಜಿ ಶಾಲೆಯ ಮೂಲಕ ಪರೀಕ್ಷಾ ನೋಂದಣಿಯ ಜೊತೆಗೇ ಹೋಗಬೇಕು. ಒಂಬತ್ತನೇ ತರಗತಿಯಲ್ಲೇ ಸರ್ಟಿಫಿಕೇಟ್ ಸರಿಮಾಡಿಕೊಳ್ಳಿ. ಕೇಂದ್ರದ 2018ರ ಮಾರ್ಗಸೂಚಿಯಂತೆ ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಬರಹಗಾರ ಕೆಳಗಿನ ತರಗತಿಯವನಾಗಿರಬೇಕು. ಅವನ ಶಾಲಾ ಪರೀಕ್ಷೆಯೂ ಅದೇ ದಿನ ಇರಬಾರದು ಎಂಬುದನ್ನು ಮರೆಯುವವರೇ ಹೆಚ್ಚು. ಜನವರಿಯಿಂದ ಹಳೆಯ ಪತ್ರಿಕೆ ಇಟ್ಟು ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಸಮಾಜ ವಿಜ್ಞಾನ ಹೇಳಿ ಬರೆಸುವುದು ಸುಲಭ. ಗಣಿತದಲ್ಲಿ "ಎಕ್ಸ್ ಸ್ಕ್ವೇರ್ ಪ್ಲಸ್ ಎರಡರ ವರ್ಗಮೂಲ" ಎಂದರೆ ವರ್ಗಮೂಲದ ಚಿಹ್ನೆ ಎಲ್ಲಿಂದ ಎಲ್ಲಿಯವರೆಗೆ ಎಂದು ಇಬ್ಬರಿಗೂ ಒಂದೇ ರೂಢಿ ಇರಬೇಕು.

ಗಣಿತದ ಬದಲು ಸಮಾಜಶಾಸ್ತ್ರ, ವಿಜ್ಞಾನದ ಬದಲು ರಾಜ್ಯಶಾಸ್ತ್ರ ಅಥವಾ ಸಂಗೀತ ತೆಗೆದುಕೊಳ್ಳುವ ಅವಕಾಶವೂ ಇದೆ. ಪಾಸಾಗಲು ಇದು ಸುಲಭ ಎಂದು ಶಾಲೆಗಳೇ ಮುಂದೆ ನಿಂತು ಬರೆಸುತ್ತವೆ, ಶಾಲೆಯ ಫಲಿತಾಂಶಕ್ಕೂ ಅದು ಒಳ್ಳೆಯದು. ಆದರೆ ಗಣಿತ ವಿಜ್ಞಾನ ಬಿಟ್ಟವರಿಗೆ ಮುಂದೆ ಪಿಯು ವಿಜ್ಞಾನ, ಡಿಪ್ಲೊಮಾ, ಹೆಚ್ಚಿನ ಐಟಿಐ ಟ್ರೇಡುಗಳ ಬಾಗಿಲು ಮುಚ್ಚುತ್ತದೆ. ಕಾಲಿನ ತೊಂದರೆ ಮಾತ್ರ ಇರುವ ಮಗುವಿಗೆ ಇದನ್ನು ಸೂಚಿಸಿದರೆ ಒಪ್ಪಬೇಡಿ.

ಉತ್ತರ ಬಾರದಿದ್ದಾಗ

ಶಾಲೆ ಹದಿನೈದು ದಿನದಲ್ಲಿ ಉತ್ತರಿಸದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಉಪನಿರ್ದೇಶಕರಿಗೆ (ಡಿಡಿಪಿಐ). ನಮ್ಮಲ್ಲಿ ಎರಡು ಶೈಕ್ಷಣಿಕ ಜಿಲ್ಲೆ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಕಾರವಾರದ ಡಿಡಿಪಿಐ; ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾದವರಿಗೆ ಶಿರಸಿಯ ಡಿಡಿಪಿಐ. ಆದರೆ ವಿಕಲಚೇತನರ ಇಲಾಖೆಯ ಜಿಲ್ಲಾ ಅಧಿಕಾರಿ ಎಲ್ಲರಿಗೂ ಕಾರವಾರದಲ್ಲೇ. ಘಟ್ಟದ ಮೇಲಿನವರು ಈ ಎರಡನ್ನು ಕಲಸಿಕೊಂಡು ತಪ್ಪು ಕಚೇರಿಗೆ ಹಾಕಿದ ಅರ್ಜಿಗಳು ವರ್ಗಾವಣೆಯಲ್ಲೇ ಸವೆಯುತ್ತವೆ.

ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ವಕೀಲರು ಬೇಕಿಲ್ಲ. ಆಯುಕ್ತರ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಇಲಾಖೆ 3 ತಿಂಗಳೊಳಗೆ ತಿಳಿಸಬೇಕು. 18ರೊಳಗಿನ ಮಗುವಾದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ದಾರಿಯೂ ಇದೆ. ಕಾಯ್ದೆ ಮುರಿದದ್ದಕ್ಕೆ ಕಲಂ 89ರಲ್ಲಿ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. ಕೋರ್ಟಿಗೇ ಹೋಗಬೇಕಾಗಿ ಬಂದರೆ ಮಕ್ಕಳಿಗೂ ವಿಕಲಚೇತನರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಫೋನ್ ಮಾಡುವುದಾದರೆ 15100.

ದೂರಿಗಿಂತ ಬೇಗ ಕೆಲಸ ಮಾಡುವುದು ಎಷ್ಟೋ ಸಲ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದಲ್ಲಿ ಅದು ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. "ಏಕೆ ಕೊಟ್ಟಿಲ್ಲ" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳುತ್ತಾರೆ. ದಾಖಲೆಯ ಪ್ರತಿ ಕೇಳಿ: ನನ್ನ ಮಗುವಿನ ಐಇಪಿಯ ಪ್ರತಿ, ಈ ಶಾಲೆಗೆ ಬಿಐಇಆರ್‌ಟಿ ಭೇಟಿ ಕೊಟ್ಟ ದಿನಾಂಕಗಳ ರಿಜಿಸ್ಟರ್ ಪ್ರತಿ, ಇಂಥ ದಿನಾಂಕದ ನನ್ನ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಯ ಪ್ರತಿ.